ಹೊಲದ ಬೋಕಿ



ಆಶಯ ಭಾಷಣಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಈ ಕೊಕ್ಕರೆ ಬೆಳ್ಳೂರಿನ ಹುಣಿಸೆಮರದ ಮೇಲಿನ ಹೆಜ್ಜಾರ್ಲೆ ಮರಿಗಳು ಅಷ್ಟು ಹೊತ್ತೂ ನನ್ನೊಡನೆ ಪೈಪೋಟಿಗೆ ನಿಂತಿವೆ. ಹಕ್ಕಿಗಳು ಹೆಣ್ಣುಮಕ್ಕಳಂತೆ ಬಾಣಂತನಕ್ಕೆ ಬಂದಿರುವ ಊರಲ್ಲಿ ನೆಂಟ ದನಿ ಏರಿಸಬಾರದು, ಮೆಲ್ಲಗೇ ಮಾತಾಡುತ್ತೇನೆ.

ಸೋಲಾರ್ ಪಾರ್ಕಿಗೆ ಹೋಗುವ ಜಮೀನನ್ನು ಮೊದಲು ಪುರಾತತ್ವದವರಾದ ನಾವು ನೋಡಬೇಕೇ ಎಂಬುದು ಇಂದಿನ ವಿಷಯ. ಪಾವಗಡದಲ್ಲಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಫಲಕಗಳು ನಿಂತಿವೆ. ಸೌರ ವಿದ್ಯುತ್ ಯೋಜನೆಗಳು 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಗೆ ಒಳಪಡುವುದಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ 2011ರಲ್ಲೇ ಹೇಳಿಬಿಟ್ಟಿದೆ. ಕಟ್ಟಡ ನಿರ್ಬಂಧಿಸುವ 100 ಮೀಟರ್, 200 ಮೀಟರ್ ನಿಯಮವೇನಿದ್ದರೂ ರಕ್ಷಿತ ಸ್ಮಾರಕದ ಸುತ್ತ. ಬರಿ ಹೊಲಕ್ಕೆ ಹೇಳುವವರು ಕೇಳುವವರಿಲ್ಲ.

ಸರ್ಕಾರವನ್ನು ಬೈಯುವುದು ಸುಲಭ. ತಪ್ಪು ನಮ್ಮದು. ಶಾಸನ ಸಂಗ್ರಹಿಸಿದ ರೈಸ್ ಸಾಹೇಬರ ಕಾಲದಿಂದಲೂ ನಾವು ಕಲ್ಲಿನ ಬೆನ್ನು ಹತ್ತಿದವರು. ಶಾಸನತಜ್ಞರು ಮುಂದಿನ ಸಾಲಿನಲ್ಲೇ ಇದ್ದಾರೆ, ಮುನಿಯಬಾರದು. ಅವರ ಸಂಪುಟಗಳಿಲ್ಲದೆ ನಾನು ಒಂದು ಪುಟವನ್ನೂ ಬರೆದಿಲ್ಲ. ಆದರೂ ಕೇಳುತ್ತೇನೆ: ಇದೇ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕಾಳಿ ಎಂಬ ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿತಲ್ಲ, ಆ ನಾಯಿ ಬೊಗಳಿದ ಊರು ಎಷ್ಟಗಲ ಇತ್ತು? ಕನ್ನಂಬಾಡಿಯ ಗುಡಿ ಅಣೆಕಟ್ಟೆಯ ಹಿನ್ನೀರಿನಿಂದ ಮೇಲೆ ಬಂತು. ಊರು ನೀರಿನಡಿಯೇ ಉಳಿಯಿತು.

ನನ್ನನ್ನು ಮೂವತ್ತು ವರ್ಷದಿಂದ ಕಾಡುತ್ತಿರುವುದು ಇನ್ನೂ ಸಣ್ಣದು. ಉತ್ತ ಹೊಲದಲ್ಲಿ ಬೋಕಿ, ಅಂದರೆ ಒಡೆದ ಮಡಕೆಯ ಚೂರು ಸಿಕ್ಕಿತೆನ್ನಿ. ಅಲ್ಲಿ ಜನ ಬಾಳಿದ್ದರೋ, ಬೋಕಿ ತಿಪ್ಪೆ ಗೊಬ್ಬರದ ಗಾಡಿ ಹತ್ತಿ ಬಂದದ್ದೋ? ಒಮ್ಮೆ ಕಪ್ಪು-ಕೆಂಪು ಬೋಕಿ ಕಂಡು ಹಿಗ್ಗಿ ಒಂದು ಹೊಲವನ್ನು ಪುರಾತನ ನೆಲೆಯೆಂದು ನಕಾಶೆಯಲ್ಲಿ ಗುರುತಿಸಿದೆ. ಮರುವರ್ಷ ಹೊಲದ ಯಜಮಾನರು ನಕ್ಕರು: "ಅದು ನಮ್ಮಜ್ಜ ಹಾಳೂರು ದಿಬ್ಬದಿಂದ ಹೇರಿಸಿದ ಮಣ್ಣು ಸ್ವಾಮಿ." ಅಷ್ಟರಲ್ಲಿ ಲೇಖನ ಅಚ್ಚಾಗಿತ್ತು.

ಬೆಳ್ಳೂರಲ್ಲೂ ಬೋಕಿಯ ಕತೆ ಹಾಗೇ. ಊರು ಮೊದಲು ಶಿಂಷಾ ದಡದಲ್ಲಿತ್ತು, ಪ್ಲೇಗಿಗೆ ಹೆದರಿ ಇಲ್ಲಿಗೆ ಬಂತು, ಹಕ್ಕಿಗಳೂ ಹಿಂದೆಯೇ ಬಂದವು ಎನ್ನುತ್ತಾರೆ ಇಲ್ಲಿಯವರು. ಮರದಡಿ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲ ಸೇರುತ್ತದೆ. ಜೊತೆಗೆ ಇನ್ನೇನೇನು ಹೋಗಿದೆಯೋ!

ಆದ್ದರಿಂದ ಹೊಲ ಸುತ್ತಿ ಬೋಕಿ ಆಯ್ದು ವರದಿ ಕೊಟ್ಟರೆ ಸಾಲದು. ಉಳುಮೆ ತಾಕದ ಪದರದವರೆಗೆ ಅಲ್ಲಲ್ಲಿ ಗುಂಡಿ ತೆಗೆದೇ ನೋಡಬೇಕು. ನೇಗಿಲು ಗೇಣಿನಷ್ಟು ಕೆದಕಿದರೆ ಫಲಕದ ಕಂಬ ಆ ಪದರವನ್ನೂ ಸೀಳಿಕೊಂಡು ಇನ್ನೂ ಕೆಳಗಿಳಿಯುತ್ತದೆ. ಇಂಗ್ಲೆಂಡಿನಲ್ಲಿ ನೆಲದಡಿ ಅವಶೇಷ ಇದೆಯೆಂದು ಗೊತ್ತಾದ ಕಡೆ ಕಂಬ ಹೂಳದೆ, ಕಾಂಕ್ರೀಟ್ ದಿಮ್ಮಿಗಳ ಮೇಲೆ ಫಲಕ ಕೂರಿಸಿದ್ದೂ ಉಂಟು. ವಿದ್ಯುತ್ತೂ ಬಂತು, ಮಣ್ಣೂ ಉಳಿಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟವಾದ ಮೇಲೆ ಹೊಳೆ ದಡಕ್ಕೆ ಹೋಗೋಣ. ಬೋಕಿ ಕಂಡರೆ ಜೇಬಿಗಿಳಿಸಬೇಡಿ. ಮೊದಲು ಹೊಲದವರನ್ನು ಕೇಳಿ, ಗೊಬ್ಬರ ಎಲ್ಲಿಂದ ಹೇರಿಸಿದ್ದು ಅಂತ.