ಮಕ್ಕಳ ಲಸಿಕೆಯೂ ಕಾಕತಾಳೀಯ ನ್ಯಾಯವೂ



ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಮನೆಗಳಲ್ಲಿ ಹಸುಮಕ್ಕಳಿಗೆ ಲಸಿಕೆ ಹಾಕಿಸುವ ಪದ್ಧತಿಯು ಹೊಸದಲ್ಲ. ಸಿಡುಬಿಗೆ ಅಂಜಿದ ಕಾಲದಲ್ಲಿಯೇ ಮೈಸೂರು ಸೀಮೆಗೆ ಅದು ಬಂದಿತು. 1805ರಲ್ಲಿ ಬರೆದ ಮೈಸೂರು ಅರಮನೆಯ ರಾಣಿಯರ ಚಿತ್ರವೊಂದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ, ಲಸಿಕೆ ಪಡೆದ ತೋಳನ್ನು ಪ್ರಜೆಗಳಿಗೆ ತೋರುತ್ತಿರುವಳೆಂದು ಇತಿಹಾಸಜ್ಞರು ಅರ್ಥಮಾಡಿರುವರು. ಆಗಲೂ ಜನರಿಗೆ ಭಯವಿದ್ದಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಾದ್ಯಂತ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕಹೊರಟಾಗಲೂ ವಾಟ್ಸಾಪಿನ ವದಂತಿಗಳಿಂದ ಕೆಲವರು ಹಿಂಜರಿದರು.

ಈ ಭಯಗಳಲ್ಲಿ ಆಟಿಸಂ, ಅಂದರೆ ಸ್ವಲೀನತೆ, ಎಂಬುದರ ಭಯವು ಮಿಕ್ಕವುಗಳಿಗಿಂತ ಆಳವಾದುದು. ಎರಡನೆಯ ಸಲ ಸೂಜಿ ಚುಚ್ಚಿಸಿದ ಮೇಲೆ ಮಗುವು ಕರೆದರೆ ತಿರುಗದಾಯಿತು, ಮುಖವಿಟ್ಟು ನೋಡದಾಯಿತು, ಕಲಿತಿದ್ದ ಎರಡು ಮಾತನ್ನೂ ಮರೆಯಿತು. ಸೂಜಿಯಿಂದಲೇ ಹೀಗಾಯಿತಲ್ಲವೇ ಎಂದು ತಾಯಿಯೊಬ್ಬಳು ಕೇಳಿದರೆ ಅವಳನ್ನು ಅಜ್ಞಾನಿಯೆಂದು ಗದರಿಸುವುದು ತರವಲ್ಲ. ಅವಳು ಕಂಡದ್ದು ಸುಳ್ಳಲ್ಲ; ಅದರಿಂದ ತೆಗೆದ ನಿರ್ಣಯವು ಮಾತ್ರ ವಿಚಾರಾರ್ಹವಾದುದು.

ಕಾಗೆಯು ಬಂದು ಕುಳಿತ ಗಳಿಗೆಯಲ್ಲಿಯೇ ತಾಳೆಯ ಹಣ್ಣು ಉದುರಿದರೆ ಕಾಗೆಯೇ ಉದುರಿಸಿತೆನ್ನುವುದು ಕಾಕತಾಳೀಯ ನ್ಯಾಯ. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಸೂಜಿಯನ್ನು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಹಾಕುವರು. ಆಟಿಸಂ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳತೊಡಗುವುದೂ ಬಹುಮಟ್ಟಿಗೆ ಆ ತಿಂಗಳುಗಳಲ್ಲಿಯೇ. ಕಾರ್ಯಕಾರಣವನ್ನು ನಿಶ್ಚಯಿಸಲು ತರ್ಕಶಾಸ್ತ್ರವು ಅನ್ವಯವ್ಯತಿರೇಕಗಳೆರಡನ್ನೂ ಕೇಳುತ್ತದೆ: ಲಸಿಕೆ ಹಾಕಿಸಿದವರಲ್ಲಿ ಆಟಿಸಂ ಹೆಚ್ಚಾಗಿರಬೇಕು, ಹಾಕಿಸದವರಲ್ಲಿ ಕಡಿಮೆಯಾಗಿರಬೇಕು. ಡೆನ್ಮಾರ್ಕ್ ದೇಶದಲ್ಲಿ 1999ರಿಂದ 2010ರವರೆಗೆ ಜನಿಸಿದ 6,57,461 ಮಕ್ಕಳನ್ನು ಹೀಗೆಯೇ ಪರೀಕ್ಷಿಸಿ ಫಲವನ್ನು 2019ರಲ್ಲಿ ಪ್ರಕಟಿಸಿದರು. ಅವರಲ್ಲಿ 6,517 ಮಕ್ಕಳಿಗೆ ಆಟಿಸಂ ಇದ್ದಿತು. ದಡಾರ, ಮಂಗನಬಾವು, ರುಬೆಲ್ಲಾಗಳ ಕೂಡು ಲಸಿಕೆಯನ್ನು ಪಡೆದವರಲ್ಲಿ ಅದು ಪಡೆಯದವರಿಗಿಂತ ಹೆಚ್ಚಾಗಿ ಕಾಣಲಿಲ್ಲ.

ಹಾಗಾದರೆ ಈ ಮಾತು ಹುಟ್ಟಿದುದೆಲ್ಲಿ? 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬಾತನು ಕೇವಲ ಹನ್ನೆರಡು ಮಕ್ಕಳನ್ನು ಕುರಿತು ಬರೆದ ಲೇಖನದಲ್ಲಿ. ಲ್ಯಾನ್ಸೆಟ್ ಪತ್ರಿಕೆಯು 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆಯಲ್ಪಟ್ಟಿತು. ಲೇಖನವು ಹೋಯಿತು, ವದಂತಿಯು ಉಳಿಯಿತು.

ಇನ್ನೊಂದು ಸಂಗತಿಯುಂಟು. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಶಿಶುವಿಗೆ ಕಿವುಡುತನ, ಕುರುಡುತನ, ಹೃದಯದ ದೋಷಗಳು ಬರಬಹುದು. ಅಂತಹ ಮಕ್ಕಳಲ್ಲಿ ಆಟಿಸಂ ಸಹ ಕಂಡುಬಂದಿದೆ. ಆಟಿಸಂಗೆ ಅಂಜಿ ಈ ಲಸಿಕೆಯನ್ನು ಬಿಡುವವರು ಆಟಿಸಂಗೇ ಒಂದು ಬಾಗಿಲನ್ನು ತೆರೆದಿಟ್ಟಂತಾಗುವುದು!

ಲಸಿಕೆಯಿಂದ ಏನೂ ಆಗದೆಂದು ಹೇಳುವುದೂ ಸತ್ಯವಲ್ಲ. ವಾರ ಹತ್ತು ದಿನದಲ್ಲಿ ಜ್ವರ ಬರಬಹುದು, ಮೈಮೇಲೆ ಗುಳ್ಳೆ ಏಳಬಹುದು. ಬಹಳ ಅಪರೂಪವಾಗಿ ತೀವ್ರವಾದ ಅಲರ್ಜಿಯೂ ಆಗಬಹುದು. ಆದ್ದರಿಂದಲೇ ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಹಿಂದಿನ ಸೂಜಿಯಿಂದ ಮಗುವಿಗೆ ಬಾಧೆಯಾಗಿದ್ದರೆ, ರೋಗನಿರೋಧಕ ಶಕ್ತಿಯು ತೀರ ಕುಗ್ಗಿದ್ದರೆ ಮೊದಲೇ ತಿಳಿಸಬೇಕು. ತಪ್ಪಿಹೋಗಿದ್ದರೆ ಐದು ವರ್ಷ ತುಂಬುವುದರೊಳಗೆ ಹಾಕಿಸಲು ಅವಕಾಶವುಂಟು.

ಮಾತು ತಡವಾದ ಮಗುವನ್ನು ಲಸಿಕೆಯನ್ನು ಶಪಿಸುತ್ತ ಮನೆಯಲ್ಲಿಟ್ಟುಕೊಳ್ಳುವುದರಿಂದ ಅಮೂಲ್ಯ ಕಾಲವು ಕಳೆಯುವುದು. ತುಮಕೂರು ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿರಿ; ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್‌ಶ್ರವಣ ಸಂಸ್ಥೆಗಳಲ್ಲಿಯೂ ಇದಕ್ಕೆ ನುರಿತವರಿರುವರು. ತಾಯಿ ಕಾರ್ಡನ್ನು ಒಡನೆ ಕೊಂಡೊಯ್ಯಿರಿ.