ಕವಾಟದ ಮಸಿ, ಕಾದಿಗೆಯ ಎಣ್ಣೆ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಕೊಳೆರೋಗ ಎಂದು ಮಾತನಾಡುತ್ತ ಬಂದವನು ಇಂದು ಕಾರಿನ ಇಂಜಿನ್ ಆಯಿಲ್ ಕುರಿತು ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಹಲವರಿಗೆ ಸೋಜಿಗವೆನಿಸಬಹುದು. ಕಾರಣ ಸರಳವಾದುದು. ಒಂದು ಕಾಲಕ್ಕೆ ನಮ್ಮ ಅಂಗಳಗಳಲ್ಲಿ ಜೀಪು ಮತ್ತು ಓಮ್ನಿಗಳಿದ್ದವು. ಈಗ ಟರ್ಬೊ ಪೆಟ್ರೋಲ್ ಕಾರುಗಳು ಬಂದಿವೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಕ್ಕಳು ಹಬ್ಬಕ್ಕೆ ಬರುವಾಗ ಅದಕ್ಕಿಂತಲೂ ಬಲವಾದ ವೇಗದ ಕಾರುಗಳನ್ನು ತರುತ್ತಾರೆ. ಈ ಇಂಜಿನ್ನುಗಳು ಎಣ್ಣೆಯ ವಿಷಯದಲ್ಲಿ ಬಹಳ ನಾಜೂಕಿನವು. ತಪ್ಪು ಎಣ್ಣೆ ಹಾಕಿದರೆ ಒಳಗೆ ಮಸಿ ಕಟ್ಟುತ್ತದೆ, ಇಂಧನ ಹೆಚ್ಚು ಸುಡುತ್ತದೆ, ಹೊಗೆ ಹೆಚ್ಚುತ್ತದೆ, ಎಣ್ಣೆ ಬೇಗ ಕೆಡುತ್ತದೆ. ಕೆಟ್ಟ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಸಿ ಹೇಗೆ ಕಟ್ಟುತ್ತದೆ ಎಂಬುದನ್ನು ನೋಡೋಣ. ಹಳೆಯ ಮಾದರಿಯ ಪೆಟ್ರೋಲ್ ಇಂಜಿನ್ನಿನಲ್ಲಿ ಪೆಟ್ರೋಲನ್ನು ಗಾಳಿಯ ದಾರಿಯಲ್ಲಿಯೇ, ಒಳಹರಿವಿನ ಕವಾಟದ ಬೆನ್ನಿಗೆ ಸಿಂಪಡಿಸಲಾಗುತ್ತದೆ. ನಾವು ವಾಲ್ವ್ ಎಂದು ಕರೆಯುವ ಆ ಭಾಗವನ್ನು ಪೆಟ್ರೋಲು ಮತ್ತು ಅದರಲ್ಲಿ ಬೆರೆಸಿದ ಶುದ್ಧಿಕಾರಕಗಳು ಪ್ರತಿಕ್ಷಣವೂ ತೊಳೆಯುತ್ತಲೇ ಇರುತ್ತವೆ. ನೇರ ಇಂಜೆಕ್ಷನ್ ಇಂಜಿನ್ನಿನಲ್ಲಿ ಪೆಟ್ರೋಲು ಅಧಿಕ ಒತ್ತಡದಲ್ಲಿ ಸಿಲಿಂಡರಿನ ಒಳಕ್ಕೇ ಚಿಮ್ಮುತ್ತದೆ. ಇದರಿಂದ ಶಕ್ತಿ ಹೆಚ್ಚುತ್ತದೆ, ಮೈಲೇಜೂ ಸುಧಾರಿಸುತ್ತದೆ. ಆದರೆ ಕವಾಟದ ಬೆನ್ನನ್ನು ತೊಳೆಯುವವರಿಲ್ಲ. ಇತ್ತ ಇಂಜಿನ್ನಿನ ತಳದ ಕೋಣೆಯಲ್ಲಿ ಏಳುವ ಎಣ್ಣೆಯ ಆವಿಯನ್ನು ಹೊರಗಿನ ಗಾಳಿಗೆ ಬಿಡದೆ ಮರಳಿ ಇಂಜಿನ್ನಿಗೇ ಉಣಿಸುವ ಏರ್ಪಾಡು 1960ರ ದಶಕದಿಂದ ಬಳಕೆಯಲ್ಲಿದೆ. ವಾಯುಮಾಲಿನ್ಯದ ದೃಷ್ಟಿಯಿಂದ ಅದು ಅತ್ಯಗತ್ಯವಾದ ಏರ್ಪಾಡು. ಆ ಆವಿ ಬಿಸಿಯಾದ ಕವಾಟದ ಮೇಲೆ ಕೂತು, ಕಾದು, ಜಿಗುಟಾಗಿ, ಕೊನೆಗೆ ಇದ್ದಿಲಿನಂತೆ ಗಟ್ಟಿಯಾಗುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಇಲ್ಲಣ ಕಟ್ಟುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮಸಿ ದಪ್ಪವಾದಂತೆ ಗಾಳಿಯ ದಾರಿ ಕಿರಿದಾಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗುತ್ತದೆ, ಏರಿನಲ್ಲಿ ಎಳೆತ ಕುಗ್ಗುತ್ತದೆ.

ಈ ತಂತ್ರ ಹೊಸದೇನಲ್ಲ. ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಎಂಬ ಕ್ರೀಡಾಕಾರು 1954ರಲ್ಲಿಯೇ ನೇರ ಇಂಜೆಕ್ಷನ್ ಹೊಂದಿತ್ತು. ವಿದ್ಯುನ್ಮಾನ ನಿಯಂತ್ರಣದ ಆಧುನಿಕ ರೂಪವನ್ನು ಜಪಾನಿನ ಮಿತ್ಸುಬಿಷಿ 1996ರಲ್ಲಿ ಗ್ಯಾಲಂಟ್ ಕಾರಿನಲ್ಲಿ ತಂದಿತು. ಅನಂತರದ ದಶಕದ ಆಡಿ ಆರ್‌ಎಸ್4 ಎಂಬ ಜರ್ಮನ್ ವೇಗದ ಕಾರು ತನ್ನ ಶಕ್ತಿಗೆ ಎಷ್ಟು ಹೆಸರಾಯಿತೋ ಕವಾಟದ ಮಸಿಗೂ ಅಷ್ಟೇ ಹೆಸರಾಯಿತು. ಟೊಯೊಟಾ ಸಂಸ್ಥೆ 2005ರಿಂದ ಕೆಲವು ಇಂಜಿನ್ನುಗಳಲ್ಲಿ ಎರಡೂ ಬಗೆಯ ಇಂಜೆಕ್ಟರುಗಳನ್ನು ಒಟ್ಟಿಗೆ ಅಳವಡಿಸಿ ಕವಾಟಕ್ಕೆ ತೊಳೆತವನ್ನು ಮರಳಿ ಒದಗಿಸಿತು. ನಮ್ಮ ದೇಶದಲ್ಲಿ 2013ರ ಪೋಲೊ ಜಿಟಿ ಟಿಎಸ್‌ಐ, 2019ರ ವೆನ್ಯೂ ಟರ್ಬೊ, 2021ರ ಎಕ್ಸ್‌ಯುವಿ700 ಪೆಟ್ರೋಲ್ ಇವೆಲ್ಲವೂ ನೇರ ಇಂಜೆಕ್ಷನ್ ಜಾತಿಗೇ ಸೇರಿದವು.

ಹಾಗಾದರೆ ಎಣ್ಣೆಯನ್ನು ಆರಿಸುವುದು ಹೇಗೆ? ಡಬ್ಬಿಯ ಮೇಲಿನ ಬಣ್ಣದ ಚಿತ್ರವನ್ನು ಮರೆತು ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. ನಮ್ಮ ಉದ್ದೇಶಕ್ಕೆ ಮುಖ್ಯವಾದುದು ಎಣ್ಣೆ ಎಷ್ಟು ಆವಿಯಾಗುತ್ತದೆ ಎಂಬ ಗುಣ. ಇದನ್ನು ಅಳೆಯಲು ನೋಆಕ್ ಪರೀಕ್ಷೆ ಇದೆ: ಎಣ್ಣೆಯನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ತೂಕದಲ್ಲಿ ಶೇಕಡಾ ಎಷ್ಟು ಕಳೆದುಹೋಯಿತೆಂದು ನೋಡುತ್ತಾರೆ. ಅಮೆರಿಕದ ಎಪಿಐ ಎಸ್‌ಪಿ ದರ್ಜೆಯ ಸಾಮಾನ್ಯ ಕಾರಿನ ಎಣ್ಣೆಗಳಿಗೆ ಮಿತಿ ಶೇ. 15, ಐರೋಪ್ಯ ಎಸಿಇಎ ದರ್ಜೆಗಳಲ್ಲಿ ಹೆಚ್ಚಿನವುಗಳಿಗೆ ಶೇ. 13. ಒಳ್ಳೆಯ ಎಣ್ಣೆಗಳು ಶೇ. 10ರ ಒಳಗೇ ನಿಲ್ಲುತ್ತವೆ. ಈ ಅಂಕಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕುವವರು ವಿರಳ. ತಯಾರಕರ ತಾಂತ್ರಿಕ ವಿವರಪತ್ರದಲ್ಲಿ ಹುಡುಕಬೇಕು. ಆವಿ ಕಡಿಮೆಯಾದಷ್ಟೂ ಕವಾಟಕ್ಕೆ ತಲುಪುವ ಜಿಡ್ಡು ಕಡಿಮೆ.

ಎರಡನೆಯದು ಬೂದಿ. ಎಣ್ಣೆಗೆ ಸೇರಿಸುವ ಶುದ್ಧಿಕಾರಕಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲೋಹಗಳಿರುತ್ತವೆ. ಎಣ್ಣೆ ಸುಟ್ಟಾಗ ಅವು ಬೂದಿಯಾಗಿ ಉಳಿದು ಮಸಿಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಹೊಗೆಕೊಳವೆಯ ಸೋಸುಗಕ್ಕೂ ಹೊರೆಯಾಗುತ್ತವೆ. ಎಸಿಇಎ ಸಿ2, ಸಿ3 ದರ್ಜೆಗಳು ಬೂದಿಯನ್ನು ಶೇ. 0.8ಕ್ಕೆ ಮಿತಿಗೊಳಿಸಿವೆ. ಹಾಗೆಂದು ಶುದ್ಧಿಕಾರಕವೇ ಬೇಡವೆನ್ನುವಂತಿಲ್ಲ; ಅದಿಲ್ಲದಿದ್ದರೆ ಪಿಸ್ಟನ್ನಿನ ಬಳೆಗಳು ಅಂಟಿಕೊಂಡು ಎಣ್ಣೆ ಇನ್ನಷ್ಟು ಮೇಲೇರುತ್ತದೆ.

ಘಟ್ಟದ ರಸ್ತೆಯವರಾದ ನಾವು ಅಗತ್ಯವಾಗಿ ತಿಳಿಯಬೇಕಾದ ಸಂಗತಿ ಇಲ್ಲಿದೆ. ಚಿಕ್ಕ ಟರ್ಬೊ ಇಂಜಿನ್ನನ್ನು ಕಡಿಮೆ ವೇಗದಲ್ಲಿ, ಮೇಲಿನ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿಸಿದಾಗ, ಸಿಲಿಂಡರಿನಲ್ಲಿ ಉಳಿದ ಎಣ್ಣೆಯ ಹನಿ ಅಥವಾ ಕಳಚಿಬಿದ್ದ ಮಸಿಯ ಚೂರು ಪ್ಲಗ್ಗಿನ ಕಿಡಿಗಿಂತ ಮೊದಲೇ ಹೊತ್ತಿಕೊಳ್ಳಬಹುದು. ಆ ಹೊಡೆತಕ್ಕೆ ಪಿಸ್ಟನ್ ಒಡೆದ ಉದಾಹರಣೆಗಳಿವೆ. ಕ್ಯಾಲ್ಸಿಯಂ ಹೆಚ್ಚಿರುವ ಎಣ್ಣೆಗಳಲ್ಲಿ ಈ ಅಪಾಯ ಹೆಚ್ಚೆಂದು ಕಂಡುಬಂದುದರಿಂದ 2018ರಲ್ಲಿ ಎಸ್‌ಎನ್ ಪ್ಲಸ್, 2020ರ ಮೇ ತಿಂಗಳಲ್ಲಿ ಎಸ್‌ಪಿ ದರ್ಜೆ ಜಾರಿಗೆ ಬಂದವು. ಹೀಗಾಗಿ ಟರ್ಬೊ ಪೆಟ್ರೋಲ್ ಕಾರಿಗೆ, ಕೈಪಿಡಿ ಬೇರೆ ಹೇಳದಿದ್ದರೆ, ಎಸ್‌ಪಿಗಿಂತ ಹಳೆಯ ದರ್ಜೆಯ ಎಣ್ಣೆ ಬೇಡ. ಅಂಗಡಿಯವರು ಹಳೆಯ ದಾಸ್ತಾನನ್ನು ಸೋವಿಯಲ್ಲಿ ಕೊಟ್ಟರೂ ಬೇಡ. ಆಗುಂಬೆಯ ತಿರುವುಗಳಲ್ಲಿ ಮೂರನೆಯ ಗೇರಿನಲ್ಲಿ ಗುದ್ದಾಡುವ ಬದಲು ಎರಡಕ್ಕೆ ಇಳಿಸಿ, ಇದಕ್ಕೆ ಖರ್ಚಿಲ್ಲ.

‘ಸಿಂಥೆಟಿಕ್’ ಎಂಬ ಪದದ ಬಗ್ಗೆಯೂ ಒಂದು ಮಾತು. ಕಚ್ಚಾತೈಲವನ್ನು ಅತಿಯಾಗಿ ಸಂಸ್ಕರಿಸಿದ ಮೂರನೆಯ ಗುಂಪಿನ ಮೂಲತೈಲವನ್ನೂ ಆ ಹೆಸರಿನಲ್ಲಿ ಮಾರಬಹುದೇ ಎಂಬ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ವಿವಾದದಲ್ಲಿ, ಅಮೆರಿಕದ ಜಾಹೀರಾತು ಪರಿಶೀಲನಾ ವಿಭಾಗವು 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಅಭಿಪ್ರಾಯವಿತ್ತಿತು. ಅಂದಿನಿಂದ ಆ ಪದ ಗುಣದ ಅಳತೆಗೋಲಾಗಿ ಉಳಿದಿಲ್ಲ. ಪದಕ್ಕಿಂತ ದರ್ಜೆಯನ್ನೂ ಆವಿಯ ಅಂಕಿಯನ್ನೂ ನಂಬುವುದು ಲೇಸು. ಇನ್ನು ಸ್ನಿಗ್ಧತೆ. 0ಡಬ್ಲ್ಯೂ ಎಂಬ ಗುರುತಿನ ಎಣ್ಣೆಯನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ. ಅಂಥ ಚಳಿ ಮಲೆನಾಡಿನ ಯಾವ ಮೂಲೆಯಲ್ಲಿಯೂ ಇಲ್ಲ. ಒಂದೇ ಬಗೆಯ ಮೂಲತೈಲದಲ್ಲಿ ತೆಳುವಾದುದು ಬೇಗ ಆವಿಯಾಗುತ್ತದಾದ್ದರಿಂದ, ಕೈಪಿಡಿ ಎರಡಕ್ಕೂ ಅನುಮತಿ ಕೊಟ್ಟಿದ್ದರೆ ನಾನು 5ಡಬ್ಲ್ಯೂ-30ನ್ನೇ ಆರಿಸುತ್ತೇನೆ. ಕೈಪಿಡಿ ಒಂದನ್ನೇ ಹೇಳಿದ್ದರೆ ಅದೇ ಅಂತಿಮ.

ಎಣ್ಣೆಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ಈಗಾಗಲೇ ಕಟ್ಟಿದ ಮಸಿಯನ್ನು ಯಾವ ಎಣ್ಣೆಯೂ ತೆಗೆಯಲಾರದು. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಔಷಧಗಳೂ ನೇರ ಇಂಜೆಕ್ಷನ್ನಿನ ಕವಾಟವನ್ನು ಮುಟ್ಟುವುದೇ ಇಲ್ಲ, ಅವು ಚುಚ್ಚುನಳಿಕೆಯನ್ನು ಶುಚಿ ಮಾಡಬಹುದಷ್ಟೆ. ಗಟ್ಟಿ ಮಸಿಗೆ ಇರುವ ಉಪಾಯ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಕವಾಟಕ್ಕೆ ಎರಚಿ ಕೆರೆಯುವುದು. ಲೋಹಕ್ಕಿಂತ ಮೃದು, ಮಸಿಗಿಂತ ಗಟ್ಟಿ. ಕೃಷಿ ತ್ಯಾಜ್ಯಕ್ಕೆ ಇಂಥ ಉದ್ಯೋಗವೂ ಇದೆ! ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವ ಕಾರಿನಲ್ಲಿ ಇಂಜಿನ್ ಕಾಯುವುದೇ ಇಲ್ಲ. ಪೆಟ್ರೋಲೂ ನೀರಾವಿಯೂ ಎಣ್ಣೆಗೆ ಸೇರುತ್ತವೆ. ಮಳೆಗಾಲದಲ್ಲಿ ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೇಪ ಕಂಡರೆ ಹೆಚ್ಚಾಗಿ ಇದೇ ಕಾರಣ. ಅಂಥವರು ಕೈಪಿಡಿಯ ‘ಕಠಿಣ ಬಳಕೆ’ಯ ಅವಧಿಯಂತೆ ಎಣ್ಣೆ ಬದಲಿಸಬೇಕು. ಘಟ್ಟ ಹತ್ತಿ ಸೂರ್ಯಾಸ್ತ ನೋಡಲು ನಿಂತಾಗ ಕೂಡಲೇ ಕೀಲಿ ತಿರುಗಿಸದೆ ಒಂದು ನಿಮಿಷ ಇಂಜಿನ್ ಓಡಲು ಬಿಡಿ. ಇಲ್ಲವಾದರೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಅಲ್ಲಿಯೇ ಸುಟ್ಟು ಕರಿಕಾಗುತ್ತದೆ.

ಈಗ ಹಳೆಯ ಎಣ್ಣೆಯ ವಿಚಾರ. ಒಂದು ಚಿಕ್ಕ ಕಾರಿನಿಂದ ಪ್ರತಿ ಬಾರಿ ಸುಮಾರು 4 ಲೀಟರ್ ಕರಿ ಎಣ್ಣೆ ಹೊರಬರುತ್ತದೆ. ಅದನ್ನು ಒರಲೆ ಹತ್ತದಿರಲೆಂದು ಬೇಲಿಗೂಟಗಳಿಗೆ ಬಳಿಯುವುದು, ಕಳೆ ಸಾಯಲೆಂದು ದಾರಿಯಂಚಿಗೆ ಸುರಿಯುವುದು, ಗ್ಯಾರೇಜಿನ ಹಿಂದಿನ ಚರಂಡಿಗೆ ಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ, ಇಂಧನ ಉರಿದಾಗ ಹುಟ್ಟುವ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ಮಣ್ಣಿನಲ್ಲಿ ಅದು ರಂಧ್ರಗಳನ್ನು ಮುಚ್ಚಿ ಬೇರಿಗೆ ಗಾಳಿ ತಪ್ಪಿಸುತ್ತದೆ. ಎಣ್ಣೆಯನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳು ಇವೆ, ನಿಜ. ಆದರೆ ಇಂಗಾಲವೇ ತುಂಬಿದ ಆ ಆಹಾರವನ್ನು ಅರಗಿಸಿಕೊಳ್ಳಲು ಅವು ಮಣ್ಣಿನ ಸಾರಜನಕವನ್ನೆಲ್ಲ ಕಬಳಿಸುವುದರಿಂದ ಗಿಡ ಹಳದಿಯಾಗುತ್ತದೆ. ತೋಟದಂಚಿನಲ್ಲಿ ಇಂಥ ಹಳದಿ ಕಂಡು ಯೂರಿಯಾ ಸುರಿದವರನ್ನು ನಾನು ನೋಡಿದ್ದೇನೆ. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಸೀಮೆಯಲ್ಲಿ ಗೂಟಕ್ಕೆ ಬಳಿದ ಎಣ್ಣೆ ಗೂಟದಲ್ಲಿ ಉಳಿಯುವುದಿಲ್ಲ. ಕಾದಿಗೆಗೆ, ಕಾದಿಗೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ. ಒಂದು ಬಾರಿ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಅಬ್ಬಿಯ ನೀರನ್ನು ನೇರವಾಗಿ ಅಡುಗೆಮನೆಗೆ ತರುವವರು ನಾವು.

ಅದೇ ಎಣ್ಣೆಯನ್ನು ಮರುಶುದ್ಧೀಕರಿಸಿದರೆ ಮತ್ತೆ ಎಣ್ಣೆಯೇ ಆಗುತ್ತದೆ. ಒಂದು ಗ್ಯಾಲನ್ ಬಳಸಿದ ಎಣ್ಣೆಯಿಂದ ಸಿಗುವಷ್ಟು ಜಾರುತೈಲ ಪಡೆಯಲು 42 ಗ್ಯಾಲನ್ ಕಚ್ಚಾತೈಲ ಬೇಕು. ನಮ್ಮ ದೇಶದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. 2024ರ ಏಪ್ರಿಲ್ 1ರಿಂದ ಅದನ್ನು ಮರುಬಳಕೆಗೆ ಒಳಪಡಿಸುವ ಹೊಣೆ ತಯಾರಕರ ಮೇಲೂ ಬಿದ್ದಿದೆ. ಆದ್ದರಿಂದ ಮನೆಯಲ್ಲೇ ಎಣ್ಣೆ ಬದಲಿಸುವ ಯುವಕರು ಅದನ್ನು ಹೊಸ ಎಣ್ಣೆ ಬಂದ ಡಬ್ಬಿಗೇ ತುಂಬಿ, ನೀರು ಬೆರೆಯದಂತೆ ಮುಚ್ಚಿ, ಪೇಟೆಯ ಗ್ಯಾರೇಜಿಗೆ ಕೊಡಲಿ. ಗ್ಯಾರೇಜಿನವರನ್ನು ಒಂದೇ ಪ್ರಶ್ನೆ ಕೇಳಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಇದನ್ನು ಕೊಡುತ್ತೀರಾ, ರಸೀದಿ ಇದೆಯೇ? ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಉತ್ತರ ಸಿದ್ಧವಾಗಿರುತ್ತದೆ.

ಕೊನೆಗೆ, ಹಿರಿಯರೊಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಕಾರಿನ ಉಳಿದ ಹೊಸ ಆಯಿಲನ್ನು ಕಳೆ ಕತ್ತರಿಸುವ ಯಂತ್ರದ ಪೆಟ್ರೋಲಿಗೆ ಬೆರೆಸಬಹುದೇ? ಬೇಡ. ಟೂ ಸ್ಟ್ರೋಕ್ ಯಂತ್ರದಲ್ಲಿ ಎಣ್ಣೆ ಪೆಟ್ರೋಲಿನೊಂದಿಗೆ ಸುಟ್ಟೇಹೋಗಬೇಕು. ಕಾರಿನ ಎಣ್ಣೆಯಲ್ಲಿರುವ ಲೋಹದ ಬೂದಿ ಪ್ಲಗ್ಗಿಗೂ ಹೊಗೆಯ ಕಿಂಡಿಗೂ ಕಟ್ಟಿಕೊಳ್ಳುತ್ತದೆ. ಜಾಸೊ ಎಫ್‌ಡಿ ಎಂದು ಬರೆದಿರುವ ಟೂಟಿ ಆಯಿಲ್ ತನ್ನಿ. ಯಂತ್ರದ ಕೈಪಿಡಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಸಾಕು. ಕಣ್ಣಂದಾಜಿನಲ್ಲಿ ಸುರಿಯದೆ ಅಳತೆಯ ಮುಚ್ಚಳದಲ್ಲಿ ಅಳೆದು ಹಾಕಿ.