ದೋಂಡಿಯಾ ವಾಘನ ದಂಡು
(ಇಂಡಿಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕಂಪನಿ ಸರಕಾರದ ವಿರುದ್ಧ ಎದ್ದವರೆಂದರೆ ನಮ್ಮ ಬಾಯಿಗೆ ಬರುವ ಹೆಸರು ಕಿತ್ತೂರಿನ ಚೆನ್ನಮ್ಮ, ಸಂಗೊಳ್ಳಿಯ ರಾಯಣ್ಣ. 1824ರ ಕಿತ್ತೂರಿನ ಬಂಡಾಯಕ್ಕೂ 24 ವರ್ಷ ಮೊದಲು ತುಂಗಭದ್ರೆ, ಮಲಪ್ರಭೆಗಳ ನಡುವಿನ ನಾಡಿನಲ್ಲಿ ಕಂಪನಿಯ ನಿದ್ದೆ ಕೆಡಿಸಿದವನೊಬ್ಬನಿದ್ದ. ಅವನೇ ಚನ್ನಗಿರಿಯ ದೋಂಡಿಯಾ ವಾಘ.

ಅವನು ಹೈದರಾಲಿಯ ಕುದುರೆ ದಂಡಿನಲ್ಲಿ ಚಾಕರಿ ಮಾಡಿದವನು. ಮುಂದೆ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಗೆ ಹಾಕಿದ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ. ವರ್ಷ ತುಂಬುವಷ್ಟರಲ್ಲಿ ಸಾವಿರಾರು ಸವಾರರ ನಾಯಕನಾಗಿ, ‘ಉಭಯ ಲೋಕಾಧೀಶ್ವರ’ನೆಂದು ಕರೆದುಕೊಂಡ. ಅವನನ್ನು ಹಿಡಿಯಲೆಂದೇ ಆರ್ಥರ್ ವೆಲ್ಲೆಸ್ಲಿ ಬಟಾವಿಯಾದ ದಂಡಯಾತ್ರೆಯ ನಾಯಕತ್ವವನ್ನು ಬಿಟ್ಟುಕೊಟ್ಟ.

ಬರಿಗೈಯ ಕೈದಿಗೆ ಇಷ್ಟು ದಂಡು ಎಲ್ಲಿಂದ ಬಂತು? ಟಿಪ್ಪುವಿನ ದೊಡ್ಡ ಸರದಾರರಿಗೆ ಕಂಪನಿ ಪಿಂಚಣಿ ಕೊಟ್ಟಿತು; ಸಾಮಾನ್ಯ ಸವಾರ ಬೀದಿಗೆ ಬಿದ್ದ. ಪಗಾರ ನಿಂತಿತು, ಗೊತ್ತಿದ್ದ ಕಸಬು ಒಂದೇ. ದೋಂಡಿಯಾನ ದಂಡನ್ನು ಕಟ್ಟಿದ್ದು ಈ ಹಸಿವು.

ಹಾಗಾದರೆ ಅದು ಕರಗಿದ್ದು ಏಕೆ? 1800ರ ಜೂನ್ ಕೊನೆಗೆ ಕಿತ್ತೂರಿನ ಹತ್ತಿರ ಮರಾಠಾ ಸರದಾರ ದೋಂಡೋಪಂತ ಗೋಖಲೆಯನ್ನು ಕೊಂದ ದಂಡು ಅದು. ಒಂದೇ ತಿಂಗಳಲ್ಲಿ ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಅದರ ಬಿಡಾರ ಹಾಳಾಯಿತು. ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್‌ನಲ್ಲಿ ದೋಂಡಿಯಾ ಸತ್ತ, ದಂಡು ದಿಕ್ಕಾಪಾಲಾಯಿತು. ಲೂಟಿಯ ಮೇಲೆ ಬದುಕಿದ ದಂಡಿಗೆ ರೈತನ ಮನೆ ತವರಾಗಲಿಲ್ಲ. ಧಣಿ ಬದಲಾದರೆ ತನ್ನ ಹೊಲದ ಗತಿಯೇನೆಂದು ಕೇಳಿದ ರೈತನಿಗೆ ಅವನಲ್ಲಿ ಉತ್ತರವಿರಲಿಲ್ಲ.

ರಾಯಣ್ಣನ ದಾರಿ ಬೇರೆ. ಅವನು ಹಳ್ಳಿಯ ಜನರನ್ನೇ ಕಟ್ಟಿಕೊಂಡು ಜಮೀನಿನ ದಫ್ತರಕ್ಕೆ ಬೆಂಕಿ ಇಟ್ಟ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರೂ ಜನ ಅವನನ್ನು ಬಿಟ್ಟುಕೊಡಲಿಲ್ಲ, ಇಂದಿಗೂ ಹಾಡುತ್ತಾರೆ.

ದೋಂಡಿಯಾನ ಧೈರ್ಯಕ್ಕೆ ಕೈ ಮುಗಿಯೋಣ, ಅವನ ದಾರಿಗೆ ಬೇಡ. ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ನಮ್ಮ ತರುಣರು ಗೋವಾ, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಅವರ ಹೊಟ್ಟೆಯ ಸಿಟ್ಟು ನಿಜವಾದದ್ದು. ನಾವು ಅದಕ್ಕೆ ದಾರಿ ತೋರದಿದ್ದರೆ, ಜಾತಿಯ ಹೆಸರಿನಲ್ಲೋ ದೇವರ ಹೆಸರಿನಲ್ಲೋ ಯಾವನಾದರೂ ಅದನ್ನು ತನ್ನ ಕುದುರೆಗೆ ಕಟ್ಟಿಕೊಂಡು ಹೋಗುತ್ತಾನೆ. ಆದ್ದರಿಂದ ಊರೂರಿಗೆ ಕೂಲಿಕಾರರ, ರೈತರ ಸಂಘ ಕಟ್ಟಿರಿ. ಕೆಲಸ, ಕೂಲಿ, ನೀರು ಇವುಗಳ ಲೆಕ್ಕವನ್ನು ಒಟ್ಟಾಗಿ ಕೇಳಿರಿ. ನಾಯಕ ಬಿದ್ದರೂ ಸಂಘ ನಿಲ್ಲಬೇಕು.